ಬಂಗು, ಹಚ್ಚೆ ಮತ್ತು ಲೇಸರ್ ಚಿಕಿತ್ಸೆಯ ವಿಕಾಸ

ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಲ್ಲಿಯೂ, ಹೊಳೆನರಸೀಪುರದ ಬಳಿ ಹೇಮಾವತಿಯ ನೀರುಂಡ ಗದ್ದೆಗಳಲ್ಲಿಯೂ, ಚನ್ನರಾಯಪಟ್ಟಣದ ಸೀಮೆಯ ರಾಗಿಹೊಲಗಳಲ್ಲಿಯೂ ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬೆನ್ನು ಬಾಗಿಸಿ ದುಡಿಯುವ ಹೆಣ್ಣುಮಕ್ಕಳ ಹಣೆ ಕೆನ್ನೆಗಳ ಮೇಲೆ ಎರಡೂ ಪಕ್ಕಕ್ಕೆ ಸಮನಾಗಿ ಹರಡುವ ಕಂದು ಛಾಯೆಯೇ ಬಂಗು. ಬಸಿರಿನಲ್ಲಿ ತೋರಿ, ಬಾಣಂತನ ಕಳೆದರೂ ಅನೇಕರಲ್ಲಿ ಬಿಟ್ಟುಹೋಗದೆ, ಬಿಸಿಲಿನಿಂದ ಪುಷ್ಟಿಗೊಳ್ಳುವ ಈ ವಿಕಾರವನ್ನು ಸುಶ್ರುತಸಂಹಿತೆಯು ವ್ಯಂಗವೆಂದು ಹೆಸರಿಸಿ ಕ್ಷುದ್ರರೋಗಗಳ ಸಾಲಿನಲ್ಲಿರಿಸಿತು. ನಮ್ಮ ಮನೆಗಳಲ್ಲಿ ಇದಕ್ಕೆ ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಹಚ್ಚುವ ರೂಢಿಯುಂಟು. ಪ್ರಾಣಾಪಾಯವಿಲ್ಲದ ವ್ಯಾಧಿಯೆಂಬುದು ನಿಜವಾದರೂ, ನೆಂಟರಿಷ್ಟರ ಮುಂದೆ ಸೆರಗಿನಿಂದ ಕೆನ್ನೆ ಮುಚ್ಚಿಕೊಳ್ಳುವವಳಿಗೆ ಅದು ಅಲ್ಪದ ಮಾತಲ್ಲ.

ಆಧುನಿಕ ವೈದ್ಯವು ಚರ್ಮದ ಬಣ್ಣದ ಮೇಲೆ ಬೆಳಕನ್ನೇ ಆಯುಧವಾಗಿ ಹಿಡಿದುದು ಸುಮಾರು ಅರವತ್ತು ವರ್ಷಗಳಿಂದೀಚೆಗೆ. 1917ರಲ್ಲಿ ಐನ್‌ಸ್ಟೈನರು ಸೂತ್ರರೂಪವಾಗಿ ಕಂಡ ತತ್ತ್ವವನ್ನು 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯೊಂದರಿಂದ ಕೆಂಬೆಳಕನ್ನು ಹೊಮ್ಮಿಸಿ ಪ್ರತ್ಯಕ್ಷಗೊಳಿಸಿದನು; ಅದೇ ಲೇಸರ್. ಮೂರೇ ವರ್ಷಗಳಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಆ ಬೆಳಕನ್ನು ಮನುಷ್ಯಚರ್ಮದ ಮೇಲೆ ಬಿಟ್ಟು, ಬಣ್ಣವುಳ್ಳ ಭಾಗವೇ ಹೆಚ್ಚಾಗಿ ಬೇಯುವುದನ್ನು ಗಮನಿಸಿದನು. ಪುಣೆಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಕುಮಾರ್ ಪಟೇಲರು 1964ರಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ನಿರ್ಮಿಸಿದರು; ಅದು ಚರ್ಮದೊಳಗಿನ ನೀರನ್ನು ಆವಿಯಾಗಿಸುವ ಬೆಳಕಾದುದರಿಂದ ಕತ್ತರಿಸಲು ಒದಗಿತೇ ಹೊರತು ಬಣ್ಣವನ್ನು ಆರಿಸಿ ತೆಗೆಯಲು ಒದಗಲಿಲ್ಲ.

ನಿಜವಾದ ತಿರುವು 1983ರದು. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್ ಎಂಬಿಬ್ಬರು ಆ ವರ್ಷ ಪ್ರತಿಪಾದಿಸಿದುದು ಇಷ್ಟು: ಬೆಳಕಿನ ಬಣ್ಣವನ್ನು ಗುರಿಗೆ ತಕ್ಕಂತೆ ಆರಿಸಿದರೆ ಸಾಲದು, ಗುರಿಯಲ್ಲಿ ಹುಟ್ಟಿದ ಕಾವು ಸುತ್ತಲಿನ ಮಾಂಸಕ್ಕೆ ಸೋರುವ ಮೊದಲೇ ಬೆಳಕು ನಿಂತುಬಿಡಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತುಂಬಿದ ಕಣದ ಅಗಲ ಒಂದು ಮೈಕ್ರಾನಿನಷ್ಟು, ಅದು ಕಾವನ್ನು ಹಿಡಿದಿಡುವ ಅವಧಿ ಒಂದು ಮೈಕ್ರೊಸೆಕೆಂಡಿಗಿಂತ ಹೆಚ್ಚಲ್ಲ. ಆದುದರಿಂದ ಕೆಲವೇ ನ್ಯಾನೊಸೆಕೆಂಡು ಮಿಂಚುವ ಕ್ಯೂ-ಸ್ವಿಚ್ ಲೇಸರುಗಳು ಮುನ್ನೆಲೆಗೆ ಬಂದವು. ಕಣ್ಣಿಗೆ ಕವಚ ಕಟ್ಟಿ ಮಲಗಿಸಿದವರ ಕೆನ್ನೆಗೆ ಆ ಬೆಳಕು ತಗುಲಿದಾಗ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಂತೆ ಚುರುಕೆನ್ನುತ್ತದೆ. ಚಟಚಟ ಸದ್ದಿನೊಡನೆ ತಗುಲಿದೆಡೆ ಕ್ಷಣಕಾಲ ಬೆಳ್ಳಗಾಗಿ, ಅನಂತರ ಕೆಂಪೇರುತ್ತದೆ.

ಈ ಉಪಾಯವು ಅತ್ಯಂತ ಸಾರ್ಥಕವಾದುದು ಬಣ್ಣವು ಆಳದಲ್ಲಿ ಹುದುಗಿರುವ ಸಂದರ್ಭಗಳಲ್ಲಿ. 1939ರಲ್ಲಿ ಜಪಾನಿನ ಓಟ ಎಂಬ ವೈದ್ಯ ವರ್ಣಿಸಿದ, ಕಣ್ಣಿನ ಸುತ್ತ ನೀಲಿಗಪ್ಪಾಗಿ ಹಬ್ಬುವ ಮಚ್ಚೆಯು ಹಲವು ಸರದಿಗಳಲ್ಲಿ ಬಹುಪಾಲು ಅಳಿಯುತ್ತದೆ. ಕೊರವಂಜಿಯರು ಸೂಜಿಯಿಂದ ಚುಚ್ಚಿದ ಹಚ್ಚೆಯೂ ಹಾಗೆಯೇ. ಅಜ್ಜಿಯ ತಲೆಮಾರು ಮುಂಗೈಯಲ್ಲಿ ಅಭಿಮಾನದಿಂದ ಹೊತ್ತ ಹಸಿರು ಚುಕ್ಕೆಗಳನ್ನೇ ಮೊಮ್ಮಗಳು ಹಣ ತೆತ್ತು ಅಳಿಸಹೊರಡುವುದು ಕಾಲದ ವಿನೋದವೆನ್ನೋಣ. 2012ರಿಂದೀಚೆಗೆ ಬಳಕೆಗೆ ಬಂದ ಪಿಕೊಸೆಕೆಂಡ್ ಯಂತ್ರಗಳು ಕಣಗಳನ್ನು ಇನ್ನೂ ನುಣ್ಣಗೆ ಒಡೆಯುತ್ತವೆ.

ಬಂಗಿನ ವಿಷಯ ಬೇರೆ. ಈ ಶಾಸ್ತ್ರವು ಬೆಳೆದುದು ಬಹುತೇಕ ಬಿಳಿಯ ಚರ್ಮದ ಮೇಲೆ. ಫಿಟ್ಸ್‌ಪ್ಯಾಟ್ರಿಕ್ ಎಂಬಾತನ 1975ರ ಚರ್ಮದ ವರ್ಗೀಕರಣವೂ ಮೊದಮೊದಲು ಬಿಳಿಯರನ್ನೇ ಕುರಿತದ್ದು. ಈಗಿನ ಆರು ದರ್ಜೆಗಳಲ್ಲಿ ನಮ್ಮ ಜನ ಹೆಚ್ಚಾಗಿ ನಾಲ್ಕು ಐದರಲ್ಲಿ ಸಲ್ಲುತ್ತಾರೆ. ಮೇಲ್ಪದರದಲ್ಲಿಯೇ ಮೆಲನಿನ್ ದಟ್ಟವಾಗಿರುವ ಈ ಮೈಬಣ್ಣಕ್ಕೆ 694 ನ್ಯಾನೊಮೀಟರಿನ ಮಾಣಿಕ್ಯದ ಬೆಳಕಿಗಿಂತ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಬೆಳಕು ಸುರಕ್ಷಿತವೆಂದು ವೈದ್ಯರು ಕ್ರಮೇಣ ಕಂಡುಕೊಂಡರು. ಆದರೂ ಬಂಗಿನಲ್ಲಿ ಕಣಗಳೊಡೆದರೂ ಅವನ್ನು ತಯಾರಿಸುವ ಜೀವಕೋಶ ಕೆರಳಿಯೇ ಇರುತ್ತದೆ. ಅದನ್ನು ಕಾವಿನಿಂದ ಮತ್ತಷ್ಟು ಕೆಣಕಿದರೆ ಕಪ್ಪು ಇಮ್ಮಡಿಯಾಗಿ ಮರಳುವುದುಂಟು. ಕಡಿಮೆ ಶಕ್ತಿಯ ಬೆಳಕನ್ನು ಪದೇ ಪದೇ ಹಾಯಿಸುವ, ಪೂರ್ವ ಏಷ್ಯದಲ್ಲಿ ಜನಪ್ರಿಯವಾದ ‘ಲೇಸರ್ ಟೋನಿಂಗ್’ ಎಂಬ ಕ್ರಮದಲ್ಲಿಯೂ, ಸರದಿಗಳು ಮಿತಿಮೀರಿದರೆ, ಕೆನ್ನೆಯ ಮೇಲೆ ಬಿಳಿಯ ಚುಕ್ಕೆಗಳೇಳುವುದು ವರದಿಯಾಗಿದೆ. ಆದಕಾರಣ ಬಂಗಿಗೆ ಲೇಸರನ್ನು ಮೊದಲ ಮದ್ದೆಂದು ಮಾರುವವರ ಮಾತನ್ನು ನಾನು ಒಪ್ಪಲಾರೆ. ಚರ್ಮವೈದ್ಯ ಕ್ಲಿಗ್ಮನ್ 1975ರಲ್ಲಿ ಪ್ರಕಟಿಸಿದ, ಹೈಡ್ರೊಕ್ವಿನೋನ್ ಮೊದಲಾದ ಮೂರು ದ್ರವ್ಯಗಳ ಲೇಪ, ಅದರ ಪರಿಷ್ಕೃತ ರೂಪಗಳಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಮಿತಕಾಲ ಬಳಸತಕ್ಕದ್ದಾಗಿ ಇಂದಿಗೂ ಮೊದಲ ಪಂಕ್ತಿಯಲ್ಲಿದೆ.

ದುರ್ದೈವವೆಂದರೆ, ಆ ಲೇಪದಲ್ಲಿರುವ ಸ್ಟೀರಾಯ್ಡಿನ ಅಂಶವೇ ಔಷಧದಂಗಡಿಗಳಲ್ಲಿ ‘ಬಿಳುಪಿನ ಕ್ರೀಮು’ ಎಂಬ ವೇಷದಲ್ಲಿ ಹಳ್ಳಿಹಳ್ಳಿಗೂ ಹರಿದಿದೆ. 2018ರಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಬಗೆಯ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದರೂ, ತಿಂಗಳುಗಟ್ಟಲೆ ಹಚ್ಚಿ ಮುಖ ಕೆಂಪಾಗಿ, ತೆಳುವಾಗಿ, ಬಿಸಿಲಿಗೆ ಉರಿಯುವಂತಾದವರು ಕಡಿಮೆಯಾಗಿಲ್ಲ; ಅಂಥ ಚರ್ಮದ ಮೇಲೆ ಲೇಸರನ್ನು ಹಾಯಿಸುವುದು ಅವಿವೇಕ.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಯುತ್ತಿರುವುದರಿಂದ, ಚರ್ಮವೈದ್ಯರ ಸಲಹೆಗೆ ಸುತ್ತಲ ತಾಲ್ಲೂಕುಗಳವರು ಬೆಂಗಳೂರಿಗೋ ಮೈಸೂರಿಗೋ ಹೋಗಲೇಬೇಕೆಂಬ ಕಾಲ ಹೋಯಿತು. ಆದರೆ ಲೇಸರಿಗೆ ಮುನ್ನವೂ ಅನಂತರವೂ ಕೆಲವು ವಾರ ಬಿಸಿಲನ್ನು ವರ್ಜಿಸಬೇಕೆಂಬ ನಿಯಮವು, ಹೊಗೆಸೊಪ್ಪು ಮುರಿಯುವ ತಿಂಗಳಲ್ಲಿ ಅರಕಲಗೂಡಿನ ಕೂಲಿಯ ಹೆಣ್ಣಿಗೆ ಪಾಲಿಸಲಸಾಧ್ಯವಾದುದು. ಅವಳಿಗೆ ಅಗಲ ಅಂಚಿನ ಟೋಪಿ, ಹೊತ್ತೇರುವ ಮುನ್ನ ಹಚ್ಚಿ ಮಧ್ಯಾಹ್ನ ಮತ್ತೆ ಹಚ್ಚುವ ಸನ್‌ಸ್ಕ್ರೀನ್, ಇವುಗಳಿಂದಲೇ ಆರಂಭಿಸಿ, ಯಂತ್ರದ ಮಾತನ್ನು ಹೊಲದ ಕೆಲಸ ಬಿಡುವಾಗುವವರೆಗೆ ಮುಂದೂಡುವುದೇ ಲೇಸು.