ಗೀಸರ್‌ನಿಂದ ನೀರು ತೊಟ್ಟಿಕ್ಕಿದರೆ ಅದು ಸಿಡಿಯುತ್ತದೆಯೇ?

ಚಳಿ ಶುರುವಾಯಿತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸಿಡಿದ ಗೀಸರ್‌ಗಳ ಫೋಟೋ ಓಡಾಡತೊಡಗುತ್ತವೆ. ಜೊತೆಗೊಂದು ಎಚ್ಚರಿಕೆಯೂ ಬರುತ್ತದೆ: ಗೀಸರ್ ಕೆಳಗಿನ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಅದು ಸಿಡಿಯುವ ಮುನ್ಸೂಚನೆ, ಕೂಡಲೇ ಆ ತೂತು ಮುಚ್ಚಿಸಿ. ಈ ಮಾತಿನ ಮೊದಲರ್ಧ ತಪ್ಪು. ಉಳಿದರ್ಧ ಅಪಾಯಕಾರಿ.

ನೀರು ತೊಟ್ಟಿಕ್ಕುವುದೇಕೆ?

ನೀರು ಬಿಸಿಯಾದರೆ ಹಿಗ್ಗುತ್ತದೆ. 15 ಲೀಟರ್ ಗೀಸರ್‌ನಲ್ಲಿರುವ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಸುಮಾರು 200 ಮಿಲಿಲೀಟರ್‌ನಷ್ಟು, ಅಂದರೆ ಒಂದು ಲೋಟದಷ್ಟು ಹೆಚ್ಚಾಗುತ್ತದೆ. ಅಜ್ಜಿ ಮನೆಯ ಹಂಡೆಗೆ ಬಾಯಿ ತೆರೆದಿತ್ತು, ಹಾಗಾಗಿ ತೊಂದರೆ ಇರಲಿಲ್ಲ. ಗೀಸರ್ ಟ್ಯಾಂಕ್ ಎಲ್ಲ ಕಡೆ ಮುಚ್ಚಿದ್ದು. ತಣ್ಣೀರು ಬರುವ ಪೈಪಿನಲ್ಲಿರುವ ವಾಲ್ವ್ ನೀರನ್ನು ವಾಪಸ್ ಹೋಗಲು ಬಿಡುವುದಿಲ್ಲ. ಒಳಗೆ ಒತ್ತಡ ಏರಿದಾಗ ಸೇಫ್ಟಿ ವಾಲ್ವ್ ತೆರೆದು ಆ ಹೆಚ್ಚುವರಿ ನೀರನ್ನು ಹೊರಬಿಡುತ್ತದೆ. ಕುಕ್ಕರ್‌ನ ವಿಶಲ್ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ನೀರು ಕಾಯುವಾಗ ಮಾತ್ರ ಹನಿ ಬಿದ್ದು ಆಮೇಲೆ ನಿಂತರೆ ಗೀಸರ್ ಸರಿಯಾಗಿದೆ ಎಂದೇ ಅರ್ಥ.

ನಮ್ಮ ಚಿಕ್ಕಮ್ಮನ ಮನೆಯಲ್ಲಿ ನೆಲ ಒದ್ದೆಯಾಗುತ್ತದೆಂದು ಯಾರೋ ಈ ವಾಲ್ವ್‌ನ ಬಾಯಿಗೆ ಎಂಸೀಲ್ ಮೆತ್ತಿ ಹೋಗಿದ್ದರು. ನೋಡಿ ನನಗೆ ಎದೆ ಝಲ್ಲೆಂದಿತು. ನೀರು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಒಂದು ದಿನ ಕೈಕೊಟ್ಟರೆ, ಅದಕ್ಕೆ ಕಾವಲಾಗಿರುವ ಕಟೌಟ್ ಕೂಡ ಕೆಟ್ಟರೆ, ಕೊನೆಗೆ ಉಳಿಯುವುದು ಈ ವಾಲ್ವ್ ಒಂದೇ. ಮುಚ್ಚಿದ ಟ್ಯಾಂಕ್‌ನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಅದನ್ನು ದಾಟಿಯೂ ಕಾಯುತ್ತಲೇ ಹೋಗುತ್ತದೆ. ಟ್ಯಾಂಕ್ ಬಿರುಕು ಬಿಟ್ಟ ಕ್ಷಣ ಆ ನೀರಿನ ಒಂದು ಭಾಗ ಒಮ್ಮೆಲೇ ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಸ್ಫೋಟ ಎನ್ನುವುದು ಇದನ್ನೇ.

ಸ್ವಿಚ್ ಆಫ್ ಇದ್ದಾಗಲೂ ದಿನವಿಡೀ ಹನಿಯುತ್ತಿದ್ದರೆ ಮಾತು ಬೇರೆ. ವಾಲ್ವ್‌ನಲ್ಲಿ ಸುಣ್ಣ ಕಟ್ಟಿರಬಹುದು, ಸವೆದಿರಬಹುದು, ಅಥವಾ ಪ್ರೆಶರ್ ಪಂಪ್ ಹಾಕಿಸಿದ ಮೇಲೆ ನೀರಿನ ಒತ್ತಡ ಜಾಸ್ತಿಯಾಗಿರಬಹುದು. ವಾಲ್ವ್ ಹಳತಾಗಿದ್ದರೆ ಬದಲಿಸಬೇಕು, ಒತ್ತಡ ಹೆಚ್ಚಿದ್ದರೆ ತಗ್ಗಿಸಬೇಕು. ಮುಚ್ಚುವುದಂತೂ ಬೇಡ. ನೀರು ವಾಲ್ವ್‌ನಿಂದಲ್ಲದೆ ಗೀಸರ್‌ನ ಮೈಯಿಂದಲೇ ಸೋರುತ್ತಿದ್ದರೆ ಟ್ಯಾಂಕ್ ತೂತಾಗಿರುವ ಸಾಧ್ಯತೆ ಹೆಚ್ಚು, ಹೊಸ ಗೀಸರ್ ತರುವುದೇ ವಾಸಿ.

ಗೀಸರ್ ಹಾಕಿದರೆ ಟ್ರಿಪ್ ಆಗುತ್ತಿದೆಯೇ?

ಇದಕ್ಕೂ ಒಂದು ‘ಸುಲಭ ಪರಿಹಾರ’ ಚಾಲ್ತಿಯಲ್ಲಿದೆ: ಅರ್ಥ್ ವೈರ್ ಕಿತ್ತುಹಾಕುವುದು. ಕಿತ್ತರೆ ಟ್ರಿಪ್ ಆಗುವುದು ನಿಲ್ಲುತ್ತದೆ, ನಿಜ. ಆದರೆ ಏಕೆ ನಿಲ್ಲುತ್ತದೆ?

ಬೋರ್ಡಿನಲ್ಲಿರುವ ಎಂಸಿಬಿ ಮತ್ತು ಆರ್‌ಸಿಸಿಬಿ ಬೇರೆ ಬೇರೆ. ಎಂಸಿಬಿ ಕಾಯುವುದು ವೈರನ್ನು, 16 ಆಂಪಿಯರ್‌ನ ಎಂಸಿಬಿ ನಿಮ್ಮನ್ನು ಶಾಕ್‌ನಿಂದ ಉಳಿಸುವುದಿಲ್ಲ. ಹೋದ ಕರೆಂಟ್ ಅಷ್ಟೂ ವಾಪಸ್ ಬಂತೇ ಎಂದು ಲೆಕ್ಕ ಇಡುವುದು ಆರ್‌ಸಿಸಿಬಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟ್ ಕಡಿಯುತ್ತದೆ. ಗೀಸರ್‌ನ ಕಾಯಿಲ್ ಬಿರುಕು ಬಿಟ್ಟರೆ ಕರೆಂಟ್ ಟ್ಯಾಂಕ್‌ಗೆ, ಅಲ್ಲಿಂದ ಅರ್ಥ್ ವೈರ್ ಮೂಲಕ ನೆಲಕ್ಕೆ ಸೋರುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಕಿತ್ತ ಮೇಲೆ ಸೋರಲು ದಾರಿಯಿಲ್ಲದೆ ಕರೆಂಟ್ ಟ್ಯಾಂಕ್‌ನಲ್ಲೇ ಕಾಯುತ್ತಿರುತ್ತದೆ. ಒದ್ದೆ ಕಾಲಿನಲ್ಲಿ ನಲ್ಲಿ ಮುಟ್ಟಿದವರೇ ಆ ದಾರಿ. ಮನೆಯಲ್ಲಿ ಆರ್‌ಸಿಸಿಬಿಯೂ ಇಲ್ಲದಿದ್ದರೆ ಕಡಿಯುವವರೇ ಇಲ್ಲ.

ಪದೇ ಪದೇ ಟ್ರಿಪ್ ಆದರೆ, ನಲ್ಲಿ ಮುಟ್ಟಿದಾಗ ಜುಮ್ಮೆಂದರೆ, ಮೇನ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಕಾಯಿಲ್ ಮತ್ತು ಅರ್ಥಿಂಗ್ ಎರಡನ್ನೂ ಪರೀಕ್ಷಿಸಲು ಹೇಳಿ.

ನೀರು ಕಾಯದಿದ್ದರೆ?

ಇದು ತಲೆನೋವು, ಅಪಾಯವಲ್ಲ. 2000 ವ್ಯಾಟ್‌ನ 15 ಲೀಟರ್ ಗೀಸರ್‌ಗೆ ನೀರು ಕಾಯಲು ಸುಮಾರು 20 ನಿಮಿಷ ಸಾಕು. ಮುಕ್ಕಾಲು ಗಂಟೆ ಹಿಡಿಯುತ್ತಿದ್ದರೆ, ಒಳಗಿಂದ ಗುಳುಗುಳು ಸದ್ದು ಬರುತ್ತಿದ್ದರೆ, ಬೋರ್‌ವೆಲ್ ನೀರಿನ ಸುಣ್ಣ ಕಾಯಿಲ್ ಮೇಲೆ ಪದರಗಟ್ಟಿರುತ್ತದೆ. ಸರ್ವಿಸ್ ಮಾಡಿಸಿದರೆ ಸರಿಹೋಗುತ್ತದೆ. ಒಂಚೂರೂ ಕಾಯುತ್ತಿಲ್ಲವೆಂದರೆ ಕಟೌಟ್ ಬಿದ್ದಿರಬಹುದು ಅಥವಾ ಕಾಯಿಲ್ ಸುಟ್ಟಿರಬಹುದು. ಪ್ಲಗ್ ಬಿಸಿಯಾಗುತ್ತಿದ್ದರೆ ಮಾತ್ರ ತಡಮಾಡಬೇಡಿ, ಸಾಕೆಟ್ ಸಡಿಲವಾಗಿದೆ. ಗೀಸರ್‌ಗೆ 16 ಆಂಪಿಯರ್ ಸಾಕೆಟ್ಟೇ ಬೇಕು.

ಗ್ಯಾಸ್ ಗೀಸರ್ ಇದ್ದವರಿಗೆ

‘ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ’ ಎಂಬ ಧೈರ್ಯ ಇಲ್ಲಿ ಸಾಲದು. ಸಿಲಿಂಡರ್‌ನ ಗ್ಯಾಸ್‌ಗೆ ವಾಸನೆ ಬೆರೆಸಿರುತ್ತಾರೆ. ಆದರೆ ಮುಚ್ಚಿದ ಬಾತ್‌ರೂಮಿನಲ್ಲಿ ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನೀಲಿ ಇರಬೇಕಾದ ಜ್ವಾಲೆ ಹಳದಿಯಾಗಿದ್ದರೆ ಬಳಸಬೇಡಿ. ಜ್ವಾಲೆ ನೀಲಿಯಾಗಿದೆಯೆಂದೂ ನಿಶ್ಚಿಂತೆ ಬೇಡ, ಗೀಸರ್ ಬಾತ್‌ರೂಮಿನ ಹೊರಗೇ ಇರಲಿ. ಸ್ನಾನ ಮಾಡುವಾಗ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ನೀರು ಹಾಗೇ ಬಿಟ್ಟು ಹೊರಗೆ ಬನ್ನಿ. ಒಳಗೆ ಹೋದವರು ಕರೆದರೂ ಮಾತನಾಡದಿದ್ದರೆ ಬಾಗಿಲು ಒಡೆದಾದರೂ ಸರಿ, ಅವರನ್ನು ತೆರೆದ ಗಾಳಿಗೆ ತಂದು 108ಕ್ಕೆ ಕರೆ ಮಾಡಿ. ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಎಂಬುದನ್ನು ಡಾಕ್ಟರಿಗೆ ಮೊದಲೇ ತಿಳಿಸಿ.