ಸವೆದ ತಟ್ಟೆಗಳ ಸಾಕ್ಷ್ಯ

ಶಾಸನ, ಕಡತ, ನಾಣ್ಯಗಳನ್ನು ಆಧರಿಸಿ ಚರಿತ್ರೆಯನ್ನು ಬರೆಯುವುದು ನಮ್ಮಲ್ಲಿ ಬೆಳೆದುಬಂದ ರೂಢಿ. ಸಂಗೀತದ ಚರಿತ್ರೆಯೂ ಈ ಜಾಡಿನಲ್ಲಿಯೇ ಸಾಗಿ, ಹಾಡಿದವರ ಹೆಸರು, ಗುರುಪರಂಪರೆ, ಆಸ್ಥಾನಗಳಲ್ಲಿ ದೊರೆತ ಮನ್ನಣೆ ಇವನ್ನು ದಾಖಲಿಸಿದೆ. ಆದರೆ ಕೇಳಿದವರ ಚರಿತ್ರೆ ಎಲ್ಲಿ? ಒಂದೇ ಹಾಡಿಗೆ ಮನಸೋತು ಅದನ್ನು ನೂರು ಸಲ ಹಾಕಿಸಿ ಕೇಳಿದ ಜನ ನಮ್ಮ ಗ್ರಂಥಗಳಲ್ಲಿ ಕಾಣಿಸುವುದಿಲ್ಲ. ಅವರು ಏನನ್ನೂ ಬರೆದಿಡಲಿಲ್ಲವೆಂಬುದು ನಿಜ; ಆದರೆ ಒಂದು ಗುರುತನ್ನು ಬಿಟ್ಟುಹೋಗಿದ್ದಾರೆ. ಸವೆದ ತಟ್ಟೆಯೇ ಆ ಗುರುತು.

ಇದನ್ನು ಪರಿಶೀಲಿಸಲು ಕುರ್ಲಾ ತಕ್ಕ ಸ್ಥಳ. 1886ರಲ್ಲಿ ಜಮಶೇಟಜಿ ಟಾಟಾ ಅವರು ಇಲ್ಲಿನ ಹಳೆಯ ಗಿರಣಿಯೊಂದನ್ನು ಕೊಂಡು ಸ್ವದೇಶಿ ಎಂದು ಹೆಸರಿಟ್ಟರು. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಹೊರಟು ತಲುಪಿದ್ದೂ ಕುರ್ಲಾವನ್ನೇ. ಗಿರಣಿ, ಕಾರಖಾನೆ, ಹೋಟೆಲುಗಳನ್ನು ನಂಬಿ ಮುಂಬಯಿಗೆ ಬಂದವರಲ್ಲಿ ತುಳುನಾಡಿನವರೂ ಬಿಜಾಪುರದ ಕಡೆಯವರೂ ಇದ್ದರು. ಇಂದು ಅದೇ ಕುರ್ಲಾ ಗುಜರಿ ವ್ಯಾಪಾರಕ್ಕೆ ಹೆಸರಾಗಿದೆ. ನಗರದ ಮನೆಗಳು ಬೇಡವೆಂದು ಹೊರಹಾಕಿದ ಸಾಮಾನು ಅಲ್ಲಿಗೆ ಬಂದು ಸೇರುತ್ತದೆ. ಅಂಥದೊಂದು ರಾಶಿಯಲ್ಲಿ ಈ ಲೇಖಕನ ಕೈಗೆ ಹಳೆಯ ಗ್ರಾಮಾಫೋನ್ ತಟ್ಟೆಯೊಂದು ಸಿಕ್ಕಿತು. ಅದರ ಒಂದು ಮಗ್ಗುಲು ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಮಗ್ಗುಲು ಕಪ್ಪಾಗಿ ಹೊಳೆಯುತ್ತಿತ್ತು.

ಈ ಭೇದದ ಅರ್ಥವನ್ನು ತಿಳಿಯಲು ಯಂತ್ರದ ರೀತಿಯನ್ನು ಸ್ವಲ್ಪ ತಿಳಿಯಬೇಕು. ಆ ಕಾಲದ ತಟ್ಟೆ ಅರಗು ಮತ್ತು ಕಲ್ಲಿನ ಪುಡಿಗಳ ಮಿಶ್ರಣ. ನಿಮಿಷಕ್ಕೆ 78 ಸುತ್ತು ತಿರುಗುವ ಅದರ ಒಂದೊಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಉಕ್ಕಿನ ಮುಳ್ಳು ಗೆರೆಯಲ್ಲಿ ಹಾದಂತೆಲ್ಲ ಮುಳ್ಳೂ ಸವೆಯುತ್ತಿತ್ತು, ಗೆರೆಯೂ ಸವೆಯುತ್ತಿತ್ತು. ಮೊಂಡು ಮುಳ್ಳನ್ನು ಬದಲಿಸದೆ ಹಾಕಿದರೂ ತಟ್ಟೆ ಕೆಡುವುದುಂಟಲ್ಲ, ಸವೆತವೆಲ್ಲ ಪ್ರೀತಿಯ ಕುರುಹೇ ಎಂದು ವಾಚಕರು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದುದೇ. ಆದರೆ ಒಂದೇ ಮನೆಯ, ಒಂದೇ ಯಂತ್ರದ ಮೇಲೆ ತಿರುಗಿದ ತಟ್ಟೆಯ ಒಂದು ಮಗ್ಗುಲು ಮಾತ್ರ ಸವೆದಿದ್ದರೆ, ಆ ಮನೆಯವರು ಯಾವ ಹಾಡನ್ನು ಬಯಸಿದರೆಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ.

ಈ ಬಯಕೆ ಯಂತ್ರದಿಂದ ಹುಟ್ಟಿದ್ದಲ್ಲ. ನಾಟಕದ ಮಂದಿರಗಳಲ್ಲಿ ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿ, ಬಾಲಗಂಧರ್ವರಂಥ ನಟರಿಂದ ಒಂದೇ ಪದವನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಆಗ ಪುನಃ ಕೇಳುವ ಭಾಗ್ಯ ಹಾಡುವವರ ಕೃಪೆಗೆ ಅಧೀನವಾಗಿತ್ತು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೇಸ್‌ಬರ್ಗ್ ಎಂಬವನು ಗೌಹರ್ ಜಾನ್ ಮೊದಲಾದವರ ಗಾನವನ್ನು ಮುದ್ರಿಸಿಕೊಂಡ ಬಳಿಕ ಆ ಅಧಿಕಾರ ಕ್ರಮೇಣ ಕೇಳುವವರ ಕೈಗೆ ಬಂದಿತು. ಆ ಗೌಹರ್ ಜಾನ್ ತಮ್ಮ ಕಡೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಒಂದು ತಟ್ಟೆ ಒಂದು ಬಾಳನ್ನೇ ತಿರುಗಿಸಬಲ್ಲುದೆಂಬುದಕ್ಕೆ ಗದಗಿನ ನಿದರ್ಶನ ಪ್ರಸಿದ್ಧವಾದುದು. ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ತಟ್ಟೆಯ ಮೇಲೆ ಕೇಳಿ ಅದರ ಗೀಳಿಗೆ ಬಿದ್ದನು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಮನೆಯನ್ನೇ ಬಿಟ್ಟನು. ಕಡೆಗೆ ಅವನಿಗೆ ವಿದ್ಯೆ ದೊರೆತದ್ದು ಖಾನರ ಶಿಷ್ಯರೇ ಆದ ಕುಂದಗೋಳದ ಸವಾಯಿ ಗಂಧರ್ವರಲ್ಲಿ.

ಎಲ್ಲ ಗೀಳೂ ಹೀಗೆ ಕೀರ್ತಿಯಲ್ಲಿ ಮುಗಿಯುವುದಿಲ್ಲ. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ತೆರೆಕಂಡಿತು. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಪರಕೀಯರನ್ನು ದೂರ ಸರಿಯಿರೆಂದು ಗದರುವ ಅದರ ಹಾಡು ಜರ್ಮನಿ-ಜಪಾನುಗಳ ಹೆಸರಿನ ಮರೆಯಲ್ಲಿ ಸರಕಾರದ ಕಣ್ಣನ್ನು ತಪ್ಪಿಸಿಕೊಂಡಿತ್ತು. ಆದರೆ ಕೇಳಿದವರಿಗೆ ಅದರ ಗುರಿ ಯಾರೆಂಬುದು ತಿಳಿಯದೆ ಇರಲಿಲ್ಲ. ಪ್ರೇಕ್ಷಕರ ಒತ್ತಾಯಕ್ಕೆ ಮಣಿದು ಚಿತ್ರಮಂದಿರಗಳಲ್ಲಿ ಸುರುಳಿಯನ್ನು ಹಿಂದಕ್ಕೆ ಸುತ್ತಿ ಆ ಹಾಡನ್ನು ಮತ್ತೊಮ್ಮೆ ತೋರಿಸುತ್ತಿದ್ದರೆಂದು ಹೇಳಿಕೆಯುಂಟು. ಆ ಗಾನದ ಮುಖ್ಯ ಕಂಠಗಳಲ್ಲಿ ಒಂದು ಅಮೀರಬಾಯಿ ಕರ್ನಾಟಕಿಯವರದು. ಬಿಜಾಪುರ ಸೀಮೆಯ ಬೀಳಗಿಯಲ್ಲಿ ಹುಟ್ಟಿ, ನಾಡಿನ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಮುಂಬಯಿಯಲ್ಲಿ ಬಾಳಿದ ಈಕೆ 1965ರಲ್ಲಿ ಗತಿಸಿದರು. ದೇಶವೆಲ್ಲ ಮತ್ತೆ ಮತ್ತೆ ಬೇಡಿ ಕೇಳಿದ ಕಂಠ ನಮ್ಮದೇ ನೆಲದ್ದೆಂಬುದನ್ನು ವಲಸೆ ಬಂದ ನಾವಾದರೂ ಎಷ್ಟು ಮಂದಿ ನೆನೆದಿದ್ದೇವೆ?

ತಟ್ಟೆಯ ಕಾಲ ಕಳೆದು ಕ್ಯಾಸೆಟ್ಟಿನ ಕಾಲ ಬಂದಾಗಲೂ ಕಥೆ ಬದಲಾಗಲಿಲ್ಲ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆಯ ಅಪಘಾತದಲ್ಲಿ ಮಡಿದಾಗ ಅವರಿನ್ನೂ ತರುಣ ಭಾಗವತರು. ಅಭಿಮಾನಿಗಳಿಗೆ ಉಳಿದದ್ದು ಅವರ ಕ್ಯಾಸೆಟ್ಟುಗಳು ಮಾತ್ರ. ಕುರ್ಲಾದ ಬಂಟರ ಭವನದಲ್ಲಿ ಇಂದಿಗೂ ಚೆಂಡೆ ಕೇಳಿಸುತ್ತದೆ. ಆದರೆ ಆ ಭಾಗವತಿಕೆಯನ್ನು ಪುನಃ ಕೇಳಬೇಕೆಂದರೆ ಟೇಪನ್ನು ಹಿಂದಕ್ಕೆ ಸುತ್ತುವುದರ ಹೊರತು ಬೇರೆ ದಾರಿಯಿರಲಿಲ್ಲ. ಊರಿನಿಂದ ದೂರವಿದ್ದವನಿಗೆ ಹಾಗೆ ಸುತ್ತುವುದೇ ಊರಿಗೆ ಹೋಗಿಬಂದಂತೆ.

ಇಲ್ಲಿ ಸಂಶೋಧಕರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಸಂಗ್ರಹಕಾರರು ಆರಿಸಿ ಇಟ್ಟುಕೊಳ್ಳುವುದು ಗೀರಿಲ್ಲದ, ಸ್ವಚ್ಛವಾದ ತಟ್ಟೆಯನ್ನು. ಎಂದರೆ ಯಾರೂ ಹೆಚ್ಚಾಗಿ ಕೇಳದೆ ಬಿಟ್ಟದ್ದನ್ನು. ಜನ ಮುಗಿಬಿದ್ದು ಕೇಳಿದ ತಟ್ಟೆ ಕರಕರ ಸದ್ದು ಮಾಡುತ್ತದೆಂಬ ಕಾರಣಕ್ಕೆ ತೂಕಕ್ಕೆ ಹೋಗುತ್ತದೆ. ಹೀಗೆ ಅತ್ಯಂತ ಪ್ರಿಯವಾದುದೇ ಮೊದಲು ನಾಶವಾಗುತ್ತದೆ. ಉಳಿದುದನ್ನು ಕಂಡು ಜನರ ಅಭಿರುಚಿಯನ್ನು ನಿರ್ಣಯಿಸುವವರು ತಪ್ಪು ದಾರಿ ಹಿಡಿಯುತ್ತಾರೆ.

ಆದುದರಿಂದ ನಮ್ಮ ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆ. ಮನೆಯ ಅಟ್ಟದಲ್ಲಿರುವ ತಟ್ಟೆ, ಕ್ಯಾಸೆಟ್ಟುಗಳನ್ನು ಮಾರುವ ಮೊದಲು ಯಾವ ಮಗ್ಗುಲು ಸವೆದಿದೆಯೆಂದು ನೋಡಿ ಬರೆದಿಡಿ. ಹಿರಿಯರನ್ನು ಕೇಳಿ: ಯಾವ ಹಾಡನ್ನು ಮತ್ತೆ ಮತ್ತೆ ಹಾಕುತ್ತಿದ್ದರು, ಯಾವ ಹೊತ್ತಿನಲ್ಲಿ, ಯಾರ ಬೈಗುಳ ಕೇಳಿಕೊಂಡು? ‘ಕಿಸ್ಮತ್’ ಬಂದಾಗ ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ತಟ್ಟೆಯ ಗೆರೆಗಳಂತೆ ನೆನಪಿನ ಗೆರೆಗಳೂ ಅಳಿಸಿಹೋಗುವ ಮುನ್ನ ಈ ಕಾರ್ಯ ನಡೆಯಬೇಕು.