ಅರೆಬೆಂದ ಆಹಾರದ ವಿಷಬಾಧೆ

ಸರಿಯಾಗಿ ಬೇಯದ ಮೀನು, ಮಾಂಸ, ಮೊಟ್ಟೆಗಳಲ್ಲಿ ಉಳಿದ ರೋಗಾಣುಗಳು ವಾಂತಿ, ಭೇದಿ, ಜ್ವರ ತರುತ್ತವೆ. ಕೋಳಿಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ ಸಾಯುತ್ತದೆ. ನೇತ್ರಾವತಿ ನದಿಯ ದಂಡೆಗೆ ಹತ್ತಿರದ, ಮಂಗಳೂರಿನ ಜೆಪ್ಪುವಿನಂಥ ಕಡೆ ಇನ್ನೂ ಹೆಚ್ಚು ಎಚ್ಚರ ಬೇಕಾದದ್ದು ಮರುವಾಯಿಯ ವಿಷಯದಲ್ಲಿ. ಈ ಚಿಪ್ಪುಜೀವಿ ನೀರನ್ನು ಸೋಸಿ ಆಹಾರ ಪಡೆಯುವುದರಿಂದ ಅಳಿವೆಯ ವಿಬ್ರಿಯೊ ಬ್ಯಾಕ್ಟೀರಿಯಾ, ಚರಂಡಿ ನೀರಿನ ವೈರಸ್ ಎಲ್ಲವೂ ಅದರ ಒಡಲಲ್ಲಿ ಸೇರಿಕೊಳ್ಳುತ್ತವೆ. ಬಿಸಿಗೆ ಚಿಪ್ಪು ಬಾಯಿಬಿಟ್ಟ ಮಾತ್ರಕ್ಕೆ ಮಾಂಸ ಬೆಂದಿತೆಂದಲ್ಲ. ಆಮೇಲೂ 3ರಿಂದ 5 ನಿಮಿಷ ಕುದಿಯಬೇಕು. ಬಾಯಿಬಿಡದವನ್ನು ಎಸೆಯುವುದೇ ಸರಿ.

ಆದರೆ ಎಲ್ಲ ವಿಷಕ್ಕೂ ಬೆಂಕಿ ಮದ್ದಲ್ಲ. 1983ರ ಏಪ್ರಿಲ್‌ನಲ್ಲಿ, ಈಗಿನ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಮರುವಾಯಿ ತಿಂದ ಬಾಲಕನೊಬ್ಬ ಸತ್ತು, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಇದಕ್ಕೆ ಕಾರಣವಾದ, ಸೂಕ್ಷ್ಮ ಪಾಚಿಗಳಿಂದ ಬರುವ ವಿಷ ನರಗಳನ್ನು ನಿಷ್ಕ್ರಿಯಗೊಳಿಸುತ್ತದೆ, ಅಡುಗೆಯ ಕಾವಿಗೆ ನಾಶವಾಗುವುದಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ವಿಜ್ಞಾನಿಗಳು ಈ ಪ್ರಕರಣವನ್ನು ದಾಖಲಿಸಿದರು. ಇಂಥ ಸಾವನ್ನು ಅಡುಗೆಮನೆ ತಡೆಯಲಾರದು. ಮರುವಾಯಿ ಹಿಡಿಯುವ ಕಡೆಯ ನೀರಿನ ಪರೀಕ್ಷೆಯೇ ದಾರಿ.

ಮಾರಿದ ಆಹಾರಕ್ಕೆ ಮಾರಿದವರೇ ಹೊಣೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಅಸುರಕ್ಷಿತ ಆಹಾರಕ್ಕೆ ಜೈಲು, ದಂಡ ಎರಡನ್ನೂ ವಿಧಿಸುತ್ತದೆ. ತಿಂದವರು ಸತ್ತರೆ ಕುಟುಂಬಕ್ಕೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಸಲ್ಲಬೇಕು. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ಸತ್ತಾಗ ಶಿಗೆಲ್ಲಾ ರೋಗಾಣು ಪತ್ತೆಯಾಯಿತು. ಉಳಿದ ಆಹಾರದಲ್ಲೂ ರೋಗಿಯ ಮಲದಲ್ಲೂ ಒಂದೇ ರೋಗಾಣು ಸಿಕ್ಕರೆ ಹೊಣೆಗಾರಿಕೆ ಸಾಬೀತುಪಡಿಸುವುದು ಸುಲಭ. ಪಾತ್ರೆ ತೊಳೆದ ಮೇಲೆ ಕೊಟ್ಟ ದೂರಿಗೆ ಪುರಾವೆ ಸಿಗುವುದು ಕಷ್ಟ.